ಲಾಕ್‌ಡೌನ್‌ನಲ್ಲಿ ಅಡಿಕೆ ಉಳಿಯಿತು, ಅನಾನಸ್ ಯಾಕೆ ಕೊಳೆಯಿತು?

2020ರ ಏಪ್ರಿಲ್. ಶಿರಸಿ ತಾಲ್ಲೂಕಿನ ಬನವಾಸಿ ಸುತ್ತಮುತ್ತ ಅನಾನಸ್ ಹಣ್ಣಾಗಿ ನಿಂತಿತ್ತು, ಕೊಳ್ಳುವವರೇ ಇರಲಿಲ್ಲ. ಅದೇ ಹೊತ್ತಿಗೆ ಪೇಟೆಯ ಜನ ಹಣ್ಣು-ತರಕಾರಿಗೆ ಸಾಲು ನಿಂತಿದ್ದರು. ‘ಸರಕು ಸಾಗಿಸಲು ಸರ್ಕಾರವೇ ಬಿಟ್ಟಿತ್ತಲ್ಲ, ಮತ್ತೆ ಹಣ್ಣು ಹೊಲದಲ್ಲೇ ಕೊಳೆತದ್ದು ಯಾಕೆ?’ ಶಿರಸಿ, ಸಿದ್ದಾಪುರ, ಯಲ್ಲಾಪುರದ ಬೆಳೆಗಳನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಈ ಪ್ರಶ್ನೆಗೆ ನಾವು ಉತ್ತರ ಹುಡುಕೋಣ.

ಅನುಮತಿ ಇದ್ದರೆ ಸಾಕಿತ್ತೆ?

ದೇಶವ್ಯಾಪಿ ಲಾಕ್‌ಡೌನ್ ಜಾರಿಯಾದದ್ದು ಮಾರ್ಚ್ 25ರಂದು. ಮಾರ್ಚ್ 27ರಂದು ಕೇಂದ್ರ ಗೃಹ ಸಚಿವಾಲಯ ಕೃಷಿ ಕೆಲಸಕ್ಕೂ ಕೃಷಿ ಮಾರುಕಟ್ಟೆಗಳಿಗೂ ವಿನಾಯಿತಿ ಕೊಟ್ಟಿತು. ನಂತರ ಎಲ್ಲ ಬಗೆಯ ಸರಕು ಸಾಗಣೆಗೂ ಅವಕಾಶವಾಯಿತು. ಕಾಗದದ ಮೇಲೆ ದಾರಿ ತೆರೆದೇ ಇತ್ತು.

ಆದರೆ ಪೂರೈಕೆ ಸರಪಳಿಯಲ್ಲಿ ಲಾರಿ ಒಂದು ಕೊಂಡಿ ಮಾತ್ರ. ಹಣ್ಣು ಕೊಯ್ಯುವ ಆಳು, ಲೋಡ್ ಮಾಡುವ ಹಮಾಲ, ಚಾಲಕ, ಅವನಿಗೆ ದಾರಿಯಲ್ಲಿ ಊಟ ಕೊಡುವ ಢಾಬಾ, ಪಂಕ್ಚರ್ ಅಂಗಡಿ, ಮಂಡಿಯ ದಲ್ಲಾಳಿ, ಕೊನೆಗೆ ಜ್ಯೂಸ್ ಅಂಗಡಿ ಎಲ್ಲರೂ ಬೇಕು. ಒಬ್ಬರು ತಪ್ಪಿದರೂ ಹಣ್ಣು ಅಲ್ಲೇ ನಿಲ್ಲುತ್ತದೆ. ಬನವಾಸಿಯ ಅನಾನಸ್ ದೆಹಲಿಯಂಥ ಉತ್ತರದ ಪೇಟೆಗಳಿಗೂ ಹೋಗುತ್ತದೆ. ದಾರಿ ಸುಮಾರು 2,000 ಕಿ.ಮೀ. ಶಿರಸಿಗೆ ರೈಲು ಇಲ್ಲ. ಹೋದ ಲಾರಿಗೆ ವಾಪಸ್ ಬರುವಾಗ ಲೋಡ್ ಸಿಗದಿದ್ದರೆ ಎರಡೂ ಕಡೆಯ ಬಾಡಿಗೆ ಹಣ್ಣಿನ ಮೇಲೇ ಬೀಳುತ್ತದೆ. ಹೋಟೆಲ್, ಜ್ಯೂಸ್ ಅಂಗಡಿ, ಮದುವೆ ಊಟ ನಿಂತ ಮೇಲೆ ಬೇಡಿಕೆಯೂ ಕುಸಿಯಿತು.

ಉತ್ತರ ಕನ್ನಡ ಜಿಲ್ಲೆಯ ಮೊದಲ ಕೋವಿಡ್ ಪ್ರಕರಣಗಳು ಕಂಡದ್ದು ಕರಾವಳಿಯ ಭಟ್ಕಳದಲ್ಲಿ, ಘಟ್ಟದ ಮೇಲಲ್ಲ. ರೋಗ ಊರಿಗೆ ಬರುವ ಮೊದಲೇ ಅದರ ಪೆಟ್ಟು ಹೊಲಕ್ಕೆ ಬಿದ್ದಿತ್ತು.

ಅನಾನಸ್‌ ಯಾಕೆ ಕಾಯುವುದಿಲ್ಲ?

ಬಾಳೆಗೊನೆಯನ್ನು ಕಾಯಾಗಿ ಕಡಿದರೂ ಅದು ಆಮೇಲೆ ಹಣ್ಣಾಗುತ್ತದೆ. ಒಳಗಿನ ಪಿಷ್ಟವೇ ಸಕ್ಕರೆಯಾಗುತ್ತದೆ. ಅನಾನಸ್ ಹಾಗಲ್ಲ. ಕೊಯ್ದ ಮೇಲೆ ಸಿಪ್ಪೆಯ ಬಣ್ಣ ತಿರುಗಬಹುದು, ಸಿಹಿ ಹೆಚ್ಚುವುದಿಲ್ಲ. ಆದ್ದರಿಂದ ಎಳೆಯದನ್ನೇ ಕೊಯ್ದಿಟ್ಟು ಪೇಟೆ ತೆರೆಯಲಿ ಎಂದು ಕಾಯುವಂತಿಲ್ಲ.

ಗಿಡದಲ್ಲೇ ಬಿಡೋಣವೆಂದರೆ ಅದೂ ಆಗದು. ಒಟ್ಟಿಗೆ ಹೂ ಬರಲೆಂದು ಬೆಳೆಗಾರರು ಎಥ್ರೆಲ್ ಎಂಬ ದ್ರಾವಣ ಹಾಕುತ್ತಾರೆ. ಅಲ್ಲಿಂದ ಹಣ್ಣು ಬಲಿಯಲು ಸುಮಾರು ಐದಾರು ತಿಂಗಳು. ಅಂದರೆ ಏಪ್ರಿಲ್‌ನಲ್ಲಿ ಬಂದ ಹಣ್ಣಿನ ದಿನ ಗೊತ್ತಾಗಿದ್ದು 2019ರ ಅಕ್ಟೋಬರ್–ನವೆಂಬರ್‌ನಲ್ಲಿ, ಕೊರೊನಾ ಹೆಸರೇ ಕೇಳದ ಕಾಲದಲ್ಲಿ. ಕಾರ್ಖಾನೆಯ ಯಂತ್ರವನ್ನು ನಿಲ್ಲಿಸಬಹುದು, ಹೂ ಬಿಟ್ಟ ಗಿಡವನ್ನು ನಿಲ್ಲಿಸಲಾಗದು.

ಅಡಿಕೆಗೆ ಈ ಅವಸರವಿಲ್ಲ. ಒಣಗಿಸಿದ ಚಾಲಿಯನ್ನೋ ಬೇಯಿಸಿ ಒಣಗಿಸಿದ ಕೆಂಪಡಿಕೆಯನ್ನೋ ಮೂಟೆ ಕಟ್ಟಿ ತಿಂಗಳುಗಟ್ಟಲೆ ಇಡಬಹುದು. 1923ರಲ್ಲಿ ಶುರುವಾದ ಶಿರಸಿಯ ಟಿಎಸ್‌ಎಸ್‌ನಂಥ ಸಹಕಾರಿ ಸಂಘಗಳ ಬೆಂಬಲವೂ ಇದೆ. ವ್ಯಾಪಾರ ನಿಂತಾಗ ಅಡಿಕೆ ಬೆಳೆಗಾರನಿಗೆ ಹಣ ತಡವಾಯಿತು. ಅನಾನಸ್ ಬೆಳೆಗಾರನಿಗೆ ಮಾಲೇ ಹೋಯಿತು.

ಎರಡು ತಪ್ಪು ನಂಬಿಕೆಗಳು

‘ಹಣ್ಣು-ತರಕಾರಿ ಮುಟ್ಟಿದರೆ ಕೊರೊನಾ ಬರುತ್ತದೆ.’ ಆಹಾರದಿಂದಾಗಲಿ ಅದರ ಪ್ಯಾಕೆಟ್‌ನಿಂದಾಗಲಿ ಕೋವಿಡ್ ತಗಲುವ ಸಾಧ್ಯತೆ ತೀರಾ ಕಡಿಮೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಏಪ್ರಿಲ್‌ನಲ್ಲೇ ಹೇಳಿತ್ತು. ಶುದ್ಧ ನೀರಿನಲ್ಲಿ ತೊಳೆದರೆ ಸಾಕು, ಸೋಪು ಬೇಡ. ಆ ಭಯದಿಂದ ಹಣ್ಣು ಕೊಳ್ಳುವುದನ್ನು ಬಿಟ್ಟಾಗ ನಷ್ಟವಾದದ್ದು ಬೆಳೆಗಾರರಿಗೆ.

‘ಕೋಲ್ಡ್ ಸ್ಟೋರೇಜ್ ಇದ್ದಿದ್ದರೆ ಎಲ್ಲ ಉಳಿಯುತ್ತಿತ್ತು.’ ಇದು ಅರ್ಧ ಸತ್ಯ. ಅನಾನಸ್ ಉಷ್ಣವಲಯದ ಹಣ್ಣು. ಸುಮಾರು 7 ಡಿಗ್ರಿಗಿಂತ ಕೆಳಗೆ ಬಹಳ ದಿನ ಇಟ್ಟರೆ ಒಳಗೆ ಕಂದಾಗುತ್ತದೆ. ಸರಿಯಾದ ತಂಪಿನಲ್ಲಿಟ್ಟರೂ ಉಳಿಯುವುದು ಕೆಲವೇ ವಾರ. ಲಾಕ್‌ಡೌನ್ ಮೊದಲು 21 ದಿನ ಎಂದಿದ್ದು, ಮುಂದುವರಿದು ಮೇ 31ರವರೆಗೆ ಒಟ್ಟು 68 ದಿನವಾಯಿತು.

ಹಾಗಾದರೆ ಉಪಾಯವೇನು?

ಕೊಳೆಯುವ ವಸ್ತುವಿಗೆ ಎರಡನೆಯ ದಾರಿ ಇರಬೇಕು. ಹಾಲಿಗೆ ಅಂಥ ದಾರಿ ಇತ್ತು: ಉಳಿದದ್ದನ್ನು ಪುಡಿ ಮಾಡಬಹುದು, ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಹೆಚ್ಚುವರಿ ನಂದಿನಿ ಹಾಲನ್ನು ಕೊಂಡು ಕೊಳೆಗೇರಿಗಳಲ್ಲಿ ಉಚಿತವಾಗಿ ಹಂಚಿತು. ನಮ್ಮ ಮಲೆನಾಡಿನ ಮನೆಗಳಿಗೂ ಈ ಲೆಕ್ಕ ಗೊತ್ತು. ಅಪ್ಪೆಮಿಡಿ ಉಪ್ಪುನೀರಿಗೆ ಬೀಳುತ್ತದೆ, ಹಲಸು ಹಪ್ಪಳವಾಗುತ್ತದೆ. ಅನಾನಸ್‌ಗೂ ಜಾಮ್, ರಸ, ಡಬ್ಬಿಯ ಹೋಳುಗಳ ದಾರಿ ಇದೆ. ಆದರೆ ಘಟಕ ಹಣ್ಣಿನ ಹತ್ತಿರವೇ ಇರಬೇಕು, ಅಂಥ ದಿನಗಳಲ್ಲೂ ಕೆಲಸ ನಡೆಯಬೇಕು.

ಪರಿಹಾರವೂ ಬಂತು. 2020ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಆಯ್ದ ಹಣ್ಣು, ತರಕಾರಿ ಬೆಳೆಗಾರರಿಗೆ ಹೆಕ್ಟೇರಿಗೆ 15,000 ರೂ. ಘೋಷಿಸಿತು. ಜೂನ್‌ನಲ್ಲಿ ಕೇಂದ್ರದ ‘ಆಪರೇಷನ್ ಗ್ರೀನ್ಸ್’ ಯೋಜನೆ ಟೊಮೆಟೊ, ಈರುಳ್ಳಿ, ಆಲೂಗಡ್ಡೆಯ ಆಚೆಗೂ ವಿಸ್ತರಿಸಿ, ಸಾಗಣೆ ಮತ್ತು ಸಂಗ್ರಹಣೆಯ ವೆಚ್ಚಕ್ಕೆ ಶೇ 50 ಸಹಾಯಧನ ಪ್ರಕಟಿಸಿತು. ಮೊದಲ ಕಿಸಾನ್ ರೈಲು ಓಡಿದ್ದು ಆಗಸ್ಟ್ 7ರಂದು, ಮಹಾರಾಷ್ಟ್ರದ ದೇವ್ಲಾಲಿಯಿಂದ. ಏಪ್ರಿಲ್‌ನ ಹಣ್ಣು ಅಷ್ಟರವರೆಗೆ ಕಾಯಲಿಲ್ಲ. ಮುಂದಿನ ಸಲಕ್ಕೆ ಎರಡನೆಯ ದಾರಿಯನ್ನು ಎಥ್ರೆಲ್ ಹಾಕುವ ದಿನವೇ ಗೊತ್ತುಮಾಡಿಕೊಂಡಿರಬೇಕು.