ಬೆಸುಗೆಯ ತಾಳ್ಮೆ

ತ್ಯಾವರೆಕೊಪ್ಪವೆಂದೊಡನೆ ಶಿವಮೊಗ್ಗದವರಿಗೆ ಹುಲಿ-ಸಿಂಹಗಳ ಧಾಮ ನೆನಪಾಗುತ್ತದೆ. ನನಗೆ ನೆನಪಾಗುವುದು ಅದರ ಸಮೀಪದ ನಮ್ಮ ತೋಟದ ಒಂದು ಕರಿಯ ಪ್ಲಾಸ್ಟಿಕ್ ಪೈಪು. ಒಂದು ಬೇಸಿಗೆಯಲ್ಲಿ ಅದು ಒಡೆಯಿತು. ತುಂಡಾದ ತುದಿಗಳನ್ನು ಕಾದ ತಟ್ಟೆಗೆ ಒತ್ತಿ, ಮೆತ್ತಗಾದ ಮೇಲೆ ಒಂದಕ್ಕೊಂದು ಕೂಡಿಸಿದೆವು. ಚೆನ್ನಾಗಿ ಆರುವವರೆಗೆ ಅಲುಗಿಸಬಾರದೆಂದು ಕೆಲಸದಾತ ಹೇಳುತ್ತಲೇ ಇದ್ದ. ಎಳೆಯ ಅಡಕೆ ಸಸಿಗಳು ಬಾಡುತ್ತಿದ್ದುವು. ನಾನು ಆತುರಪಟ್ಟು ನೀರು ಬಿಟ್ಟೆ. ರಾತ್ರಿ ಬೆಸುಗೆ ಬಿಟ್ಟುಕೊಂಡಿತು. ಬೆಳಗಾಗುವಾಗ ತೊಟ್ಟಿ ಬರಿದಾಗಿತ್ತು. ಒಂದು ಸಾಲು ಸಸಿ ಉಳಿಯಲಿಲ್ಲ. ಬೆಸುಗೆಯ ಚರಿತ್ರೆಯಲ್ಲಿ ನನಗೆ ಆಸಕ್ತಿ ಹುಟ್ಟಿದ್ದು ಅಂದಿನಿಂದ.

ಕಬ್ಬಿಣ ಕರಗಲು ಸುಮಾರು 1538 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ನಮ್ಮ ಕಮ್ಮಾರರು ಅಷ್ಟು ಕಾಯಿಸುತ್ತಿರಲಿಲ್ಲ. ಕುಲುಮೆಯಲ್ಲಿ ಬೆಳ್ಳಗೆ ಕಾದ ತುಂಡುಗಳನ್ನು ಬಡಿದೇ ಒಂದುಗೂಡಿಸುತ್ತಿದ್ದರು. 1923ರಲ್ಲಿ ಭದ್ರಾವತಿಯ ಕಾರ್ಖಾನೆಯಲ್ಲಿ ಇದ್ದಿಲಿನ ಊದುಕುಲುಮೆ ಹೊತ್ತಿತು. ಕಬ್ಬಿಣವು ನೀರಾಗಿ ಹರಿಯುವುದನ್ನು ನಮ್ಮ ಸೀಮೆ ಕಂಡಿತು. ಆ ಶತಮಾನದಲ್ಲಿ ಹಬ್ಬಿದ ವಿದ್ಯುತ್ ಬೆಸುಗೆಯೂ ಲೋಹವನ್ನು ಕರಗಿಸಿಯೇ ಕೂಡಿಸುವಂಥದು.

1991ರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್ ಬಳಿಯ ವೆಲ್ಡಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ವೇಯ್ನ್ ಥಾಮಸ್ ಮತ್ತು ಸಂಗಡಿಗರು ಕಮ್ಮಾರನ ದಾರಿಯನ್ನೇ ಹೊಸದಾಗಿ ತುಳಿದರು. ತಿರುಗುವ ಗಟ್ಟಿ ಮೊಳೆಯೊಂದು ಎರಡು ಅಲ್ಯುಮಿನಿಯಮ್ ಹಲಗೆಗಳ ಸಂದಿನಲ್ಲಿ ಇಳಿಯುತ್ತದೆ. ಅದರ ಮೇಲಿನ ಅಗಲವಾದ ಭುಜ ಹಲಗೆಗಳನ್ನು ಉಜ್ಜುತ್ತದೆ. ಘರ್ಷಣೆಯ ಬಿಸಿಗೆ ಲೋಹ ಕರಗುವುದಿಲ್ಲ, ಮೆದುವಾಗುತ್ತದೆ. ಕೋಲಿನಿಂದ ಮುದ್ದೆ ತಿರುವಿದಂತೆ ಎರಡೂ ಕಡೆಯದು ಕಲೆಯುತ್ತದೆ.

ಈ ವಿದ್ಯೆಯನ್ನು ಪ್ಲಾಸ್ಟಿಕ್ಕಿಗೆ ಅನ್ವಯಿಸಿದಾಗ ಅದು ಹಾಗೆಯೇ ಒಗ್ಗಲಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಶಾಖ ಬೇಗ ಹರಡದು. ತಿರುಗುವ ಭುಜವು ಮೆದುವಾದ ವಸ್ತುವನ್ನು ಹೊರಗೆ ಚೆಲ್ಲುತ್ತದೆ. ಆದ್ದರಿಂದ ಸಂಶೋಧಕರು ಭುಜವನ್ನು ತಿರುಗದಂತೆ ನಿಲ್ಲಿಸಿ, ಅದನ್ನು ಬೇರೆಯಾಗಿ ಕಾಯಿಸಿ, ಮೊಳೆಯನ್ನು ಮಾತ್ರ ತಿರುಗಿಸಿದರು. ನಮ್ಮ ಪೈಪುಗಳ ಪಾಲಿಥೀನು ಸುಮಾರು 130 ಡಿಗ್ರಿಗೇ ಕರಗುವುದರಿಂದ ಇಲ್ಲಿ ಒಂದಷ್ಟು ಭಾಗ ಕರಗಿಯೂ ಹೋಗುತ್ತದೆ. ಪ್ಲಾಸ್ಟಿಕ್ಕೆಂದರೆ ನೀಳವಾದ ಅಣುಸರಪಣಿಗಳ ಸಿಕ್ಕು. ಒಂದು ಬದಿಯ ಎಳೆಗಳು ಇನ್ನೊಂದು ಬದಿಗೆ ನುಸುಳಿ ಹೆಣೆದುಕೊಳ್ಳಲು ಬಿಸಿಯ ಜೊತೆಗೆ ಕಾಲವೂ ಬೇಕು. ಆಮೇಲೆ ಒತ್ತಡದಲ್ಲಿಯೇ ನಿಧಾನವಾಗಿ ಆರಬೇಕು. ಅವಸರದ ಬೆಸುಗೆ ಮೇಲೆ ನುಣುಪಾಗಿ ಕಂಡರೂ ಒಳಗೆ ಬೇರೆಯಾಗಿಯೇ ಇರುತ್ತದೆ.

ತಟ್ಟೆಯ ಬೆಸುಗೆಗೂ ಇದೇ ನಿಯಮ. ಕೆಲಸದಾತ ಅಣುಗಳ ಮಾತನ್ನು ಓದಿದವನಲ್ಲ. ಅವನ ಕೈಗೆ ಅದು ತಿಳಿದಿತ್ತು. ಮರುವರ್ಷ ಅವನನ್ನೇ ಕರೆಸಿದೆ. ಅವನು ಸಾಕೆನ್ನುವವರೆಗೂ ಪೈಪು ಹಿಡಿದು ಬಿಸಿಲಿನಲ್ಲಿ ಕುಳಿತೆ.