ಗ್ರೆನಡೀನ್
ಗ್ರೆನಡೀನ್ ದಾಳಿಂಬೆ ರಸ ಮತ್ತು ಸಕ್ಕರೆಯಿಂದ ತಯಾರಿಸುವ, ಹುಳಿಸಿಹಿ ರುಚಿಯ ಕಡುಗೆಂಪು ಸಿರಪ್. ಕಾಕ್‌ಟೇಲ್‌ಗಳಿಗೆ ಬಣ್ಣ, ಸಿಹಿ ಮತ್ತು ಹಣ್ಣಿನ ಹುಳಿಯನ್ನು ಒಟ್ಟಿಗೆ ನೀಡುವ ಪೂರಕದ್ರವ. ಹೆಸರು ದಾಳಿಂಬೆಯನ್ನು ಸೂಚಿಸುವ ಫ್ರೆಂಚ್ ಪದದಿಂದ ಬಂದಿದೆ.

ಮಾರುಕಟ್ಟೆಯ ಗ್ರೆನಡೀನ್‌ಗಳಲ್ಲಿ ಹಲವು ಮೆಕ್ಕೆಜೋಳದ ಸಿರಪ್, ಸಿಟ್ರಿಕ್ ಆಮ್ಲ ಹಾಗೂ ಕೃತಕ ಬಣ್ಣಗಳ ಮಿಶ್ರಣ. ದಾಳಿಂಬೆಯ ಒಗರು ಅವುಗಳಲ್ಲಿ ಇಲ್ಲದಿರುವುದೇ ಮನೆಯ ತಯಾರಿಕೆಗೆ ಮುಖ್ಯ ಕಾರಣ. ಮನೆಯಲ್ಲಿ ರಸ ಮತ್ತು ಸಕ್ಕರೆಯನ್ನು ಸಮತೂಕದಲ್ಲಿ ಬೆರೆಸಿ, ಸಕ್ಕರೆ ಕರಗುವಷ್ಟು ಮಾತ್ರ ಮಂದ ಉರಿಯಲ್ಲಿ ಬಿಸಿಮಾಡಲಾಗುತ್ತದೆ. ದೀರ್ಘಕಾಲ ಕುದಿಸಿದರೆ ಕೆಂಪಿಗೆ ಕಾರಣವಾದ ಆಂಥೋಸಯನಿನ್ ಶಿಥಿಲಗೊಂಡು ಬಣ್ಣ ಕಂದುತ್ತದೆ, ತಾಜಾ ಹಣ್ಣಿನ ಪರಿಮಳವೂ ಹೋಗುತ್ತದೆ. ರಸ ತೆಗೆಯುವ ಮುನ್ನ ಕಾಳುಗಳನ್ನು ಬಿಳಿ ಪೊರೆಯಿಂದ ಪೂರ್ತಿ ಬೇರ್ಪಡಿಸಬೇಕು. ಪೊರೆ ಮತ್ತು ಸಿಪ್ಪೆಯ ಟ್ಯಾನಿನ್ ರಸವನ್ನು ಕಹಿಯಾಗಿಸುತ್ತದೆ. ಮಿಕ್ಸರ್‌ನಲ್ಲಿ ಬೀಜ ನುಣ್ಣಗಾಗದಂತೆ ಅರೆದು ಸೋಸುವುದು ಲೇಸು. ಕಿತ್ತಳೆ ಹೂವಿನ ನೀರು, ನಿಂಬೆರಸ ಐಚ್ಛಿಕ. ಬಾಗಲಕೋಟೆ, ವಿಜಯಪುರ, ಕೊಪ್ಪಳ ಜಿಲ್ಲೆಗಳಲ್ಲಿ ಬೆಳೆಯುವ ಭಗವಾ ತಳಿಯ ಗಾಢ ಕೆಂಪು ಕಾಳುಗಳು ಇದಕ್ಕೆ ಚೆನ್ನಾಗಿ ಒಗ್ಗುತ್ತವೆ.

ಶುದ್ಧ ಗಾಜಿನ ಬಾಟಲಿಯಲ್ಲಿ ತುಂಬಿ ಫ್ರಿಜ್‌ನಲ್ಲಿಟ್ಟರೆ ಸುಮಾರು 3 ವಾರ ಉಳಿಯುತ್ತದೆ. ಸಕ್ಕರೆ ಹೆಚ್ಚಿಸಿದರೆ ಅಥವಾ ಸ್ವಲ್ಪ ವೋಡ್ಕಾ ಬೆರೆಸಿದರೆ ಬಾಳಿಕೆ ಹೆಚ್ಚುತ್ತದೆ; ನೊರೆ ಅಥವಾ ಬೂಷ್ಟು ಕಂಡರೆ ಬಳಸಬಾರದು.

ಸೇಬಿನ ಬ್ರಾಂದಿಯಿಂದ ಮಾಡುವ ಜ್ಯಾಕ್ ರೋಸ್ ಕಾಕ್‌ಟೇಲ್‌ನಲ್ಲಿ ಗ್ರೆನಡೀನ್ ಮುಖ್ಯ ಘಟಕ. ಟಕೀಲಾ ಸನ್‌ರೈಸ್‌ನಲ್ಲಿ ಕಿತ್ತಳೆ ರಸಕ್ಕಿಂತ ಸಾಂದ್ರವಾದ ಸಿರಪ್ ಲೋಟದ ತಳಕ್ಕಿಳಿದು ಕೆಂಪಿನಿಂದ ಹಳದಿಗೆ ಏರುವ ಬಣ್ಣಪದರ ಮೂಡಿಸುತ್ತದೆ. ಗ್ರೆನಡೀನ್ ಬೆರೆಸುವ ಮದ್ಯರಹಿತ ಪಾನೀಯಗಳಲ್ಲಿ ಶರ್ಲಿ ಟೆಂಪಲ್ ಪ್ರಸಿದ್ಧ.