ಗೇರು ಗಟ್ಟಿಯಾದ ಕತೆ

ಕೊಡಗಿಗೆ ಇವತ್ತಿಗೂ ರೈಲಿಲ್ಲ. ಜನ ಬರೋದು, ಹೋಗೋದು, ಕಾಫಿ ಮೂಟೆ ಸಾಗಿಸೋದು ಎಲ್ಲ ರಸ್ತೆ ಮೇಲೇ. ಸಂಪಾಜೆಯಿಂದ ಮಡಿಕೇರಿಗೆ ಹೊರಟರೆ ಮೂವತ್ತು ಕಿಲೋಮೀಟರಿನೊಳಗೆ ಸುಮಾರು ಒಂದು ಸಾವಿರ ಮೀಟರ್ ಮೇಲೇರಬೇಕು. ಅತ್ತ ವಿರಾಜಪೇಟೆಯಿಂದ ಮಾಕುಟ್ಟದ ಘಾಟಿ, ಇತ್ತ ಭಾಗಮಂಡಲದಿಂದ ಕರಿಕೆ ಕಡೆಗೆ ಇಳಿಯುವ ದಾರಿ. ಇಂಥ ಕಡೆ ಒಂದೊಂದು ತಿರುವಿಗೂ ಗೇರು ಬದಲಾಗುತ್ತೆ (ಗೇರುಬೀಜದ ಗೇರಲ್ಲ, ಗಾಡಿಯ ಗೇರು :-) ). ಅದೇ ಗಟ್ಟಿಯಾದರೆ ಬರೀ ಕೈ ನೋಯೋದಲ್ಲ. ಏರಿನ ನಡುವೆ ಎರಡನೇ ಗೇರು ಬೀಳದೆ ಗಾಡಿ ಹಿಂದಕ್ಕೆ ಜಾರಿದಾಗ, ಹಿಂದೆ ಲಾರಿ ಇದ್ದರೆ, ಎದೆ ಬಾಯಿಗೆ ಬರುತ್ತೆ.

"ಗೇರು ಕಲ್ಲಾಗಿದೆ" ಅಂದ ಕೂಡಲೇ ನಾವೆಲ್ಲ ಮಾಡೋದು ಎರಡೇ ಕೆಲಸ: ಇನ್ನೂ ಜೋರಾಗಿ ತಳ್ಳೋದು, ಇಲ್ಲಾ ಗೇರ್ ಬಾಕ್ಸ್ ಬಿಚ್ಚಿಸೋದು. ಆದರೆ ಗೇರಿನ ಚರಿತ್ರೆ ಓದಿದರೆ ಒಂದು ವಿಷಯ ಸ್ಪಷ್ಟವಾಗುತ್ತೆ. ನೂರಮೂವತ್ತು ವರ್ಷಗಳಲ್ಲಿ ಎಂಜಿನಿಯರುಗಳು ಈ ಗಟ್ಟಿತನವನ್ನು ಪೂರ್ತಿ ತೆಗೆದುಹಾಕಲೇ ಇಲ್ಲ. ಅದನ್ನು ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಸಾಗಿಸುತ್ತಾ ಬಂದರು, ಅಷ್ಟೆ. ನಮ್ಮ ಸಾಫ್ಟ್‌ವೇರಿನಲ್ಲಿ ಬಗ್ ಒಂದು ಮಾಡ್ಯೂಲಿನಿಂದ ಇನ್ನೊಂದಕ್ಕೆ ಹೋಗಿ ಕೂರುತ್ತಲ್ಲ, ಹಾಗೆ. ಅದು ಈಗ ಎಲ್ಲಿ ಕೂತಿದೆ ಅಂತ ಗೊತ್ತಾದರೆ ಅರ್ಧ ರಿಪೇರಿ ಆದ ಹಾಗೆ.

ಮೊದಲನೇ ಕಾಲ ಫ್ರಾನ್ಸಿನದು. ೧೮೯೧ರ ಹೊತ್ತಿಗೆ ಪನ್ಹಾರ್ ಎ ಲೆವಾಸ್ಸೋರ್ ಕಂಪನಿಯ ಎಮಿಲ್ ಲೆವಾಸ್ಸೋರ್ ಕಾರಿನ ನಕ್ಷೆಯನ್ನೇ ಬದಲಿಸಿದ. ಎಂಜಿನ್ ಮುಂದೆ, ಅದರ ಹಿಂದೆ ಕ್ಲಚ್ಚು, ಆಮೇಲೆ ಗೇರು, ಕೊನೆಗೆ ಹಿಂದಿನ ಗಾಲಿ. ಅವನ ಗೇರು ಅಂದರೆ ಶಾಫ್ಟಿನ ಮೇಲೆ ಜಾರುವ ಹಲ್ಲಿನ ಚಕ್ರಗಳು. ಲಿವರ್ ಎಳೆದರೆ ಒಂದು ಚಕ್ರ ಜಾರಿ ಬಂದು ಇನ್ನೊಂದರ ಹಲ್ಲಿಗೆ ಹಲ್ಲು ಕೊಡಬೇಕು. ಎರಡೂ ಬೇರೆ ಬೇರೆ ವೇಗದಲ್ಲಿ ತಿರುಗುತ್ತಿದ್ದರೆ? ಕರಕರ ಸದ್ದು, ಹಲ್ಲು ಪುಡಿ. ವೇಗ ಸಮ ಮಾಡೋ ಕೆಲಸ ಪೂರ್ತಿ ಡ್ರೈವರನದು. ಅದಕ್ಕೆ ಹುಟ್ಟಿದ್ದೇ ಡಬಲ್ ಕ್ಲಚ್. ಕ್ಲಚ್ ಒತ್ತಿ ನ್ಯೂಟ್ರಲ್ಲಿಗೆ ತನ್ನಿ, ಕ್ಲಚ್ ಬಿಟ್ಟು ಒಂದು ಸಲ ಆಕ್ಸಿಲರೇಟರ್ ಕೊಡಿ, ಮತ್ತೆ ಕ್ಲಚ್ ಒತ್ತಿ ಕೆಳಗಿನ ಗೇರು ಹಾಕಿ. ಘಾಟಿಯ ಹಳೇ ಬಸ್ಸು ಲಾರಿ ಡ್ರೈವರುಗಳಿಗೆ ಇದು ಉಸಿರಾಟದಷ್ಟು ಸಹಜವಾಗಿತ್ತು. ಗಟ್ಟಿತನ ಆಗ ಇದ್ದದ್ದು ಹಲ್ಲಿನ ತುದಿಯಲ್ಲಿ, ಅದಕ್ಕೆ ಮದ್ದು ಇದ್ದದ್ದು ಡ್ರೈವರನ ಕಿವಿಯಲ್ಲಿ.

ಎರಡನೇ ಕಾಲ ಅಮೆರಿಕದ್ದು. ಅರ್ಲ್ ಥಾಂಪ್ಸನ್ ಅನ್ನೋ ಎಂಜಿನಿಯರನ ಸಿಂಕ್ರೋಮೆಷ್ ೧೯೨೮ರಲ್ಲಿ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ಉಪಾಯ ಸರಳ. ಹಲ್ಲುಗಳು ಸೇರೋ ಮುಂಚೆ ಶಂಕುವಿನಾಕಾರದ ಎರಡು ಮೈಗಳು ಒಂದಕ್ಕೊಂದು ಉಜ್ಜುತ್ತವೆ, ಆ ಘರ್ಷಣೆಯಲ್ಲೇ ವೇಗ ಸಮವಾಗುತ್ತೆ, ಆಮೇಲೆ ಹಲ್ಲುಗಳು ಸದ್ದಿಲ್ಲದೆ ಸೇರುತ್ತವೆ. ಮುಂದೆ ಇದಕ್ಕೆ ಹಿತ್ತಾಳೆಯ ಉಂಗುರ ಬಂತು. ವೇಗ ಸಮವಾಗೋ ತನಕ ಅದು ಹಲ್ಲಿಗೆ ದಾರಿಯನ್ನೇ ಬಿಡೋದಿಲ್ಲ. ೧೯೫೨ರಲ್ಲಿ ಪೋರ್ಷೆ ೩೫೬ ಸ್ಪೋರ್ಟ್ಸ್ ಕಾರಿನ ನಾಲ್ಕೂ ಮುಂದಿನ ಗೇರುಗಳಿಗೆ ಪೋರ್ಷೆಯದೇ ಮಾದರಿಯ ಸಿಂಕ್ರೋ ಸಿಕ್ಕಿತು. ಡ್ರೈವರನ ಕಿವಿ ಮಾಡುತ್ತಿದ್ದ ಕೆಲಸವನ್ನು ಈಗ ಒಂದು ಉಂಗುರ ಮಾಡತೊಡಗಿತು.

ಕೊಡಗಿಗೆ ಈ ಎರಡು ಕಾಲವೂ ಒಟ್ಟಿಗೇ ಬಂದವು, ಜೀಪಿನ ರೂಪದಲ್ಲಿ! ೧೯೪೧ರಿಂದ ಯುದ್ಧ ಮುಗಿಯುವಷ್ಟರಲ್ಲಿ ವಿಲ್ಲೀಸ್ ಮತ್ತು ಫೋರ್ಡ್ ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪು ತಯಾರಿಸಿದ್ದವು. ೧೯೪೭ರಲ್ಲಿ ಮಹೀಂದ್ರಾದವರು ಮುಂಬಯಿಯಲ್ಲಿ ಜೀಪು ಜೋಡಿಸಲು ಶುರುಮಾಡಿದರು. ಮುಂದೆ ಎತ್ತರದ ಬಾನೆಟ್ಟಿನ ಸಿಜೆ-೩ಬಿ ಇಲ್ಲೇ ದಶಕಗಳ ಕಾಲ ತಯಾರಾಯಿತು. ವಿಲ್ಲೀಸ್ ವಿನ್ಯಾಸದ ಅದರ ಟಿ-೯೦ ಗೇರ್ ಬಾಕ್ಸಿನಲ್ಲಿ ಮೂರು ಗೇರು. ಎರಡು ಮತ್ತು ಮೂರಕ್ಕೆ ಸಿಂಕ್ರೋ ಇದೆ, ಒಂದಕ್ಕೆ ಇಲ್ಲ. ಅಂದರೆ ಒಂದೇ ಡಬ್ಬಿಯೊಳಗೆ ಲೆವಾಸ್ಸೋರನೂ ಇದ್ದ, ಥಾಂಪ್ಸನ್ನೂ ಇದ್ದ. ಮಳೆಗಾಲದ ತೋಟದ ಇಳಿಜಾರಲ್ಲಿ ಒಂದನೇ ಗೇರೇ ಬೇಕು, ಆದರೆ ಓಡುತ್ತಿರುವ ಗಾಡಿಯಲ್ಲಿ ಅದು ಸುಮ್ಮನೆ ಬೀಳೋದಿಲ್ಲ. ಒಂದೋ ಗಾಡಿ ನಿಲ್ಲಿಸಬೇಕು, ಇಲ್ಲಾ ಡಬಲ್ ಕ್ಲಚ್ ಗೊತ್ತಿರಬೇಕು. 'ಗಾಳಿಪಟ' ಸಿನಿಮಾದಲ್ಲಿ ಮುಗಿಲುಪೇಟೆ ಅಂತ ತೋರಿಸಿದ ಮಾಂದಲಪಟ್ಟಿಗೆ ಹೋದವರಿಗೆ ಆ ಜೀಪುಗಳ ಕುಲುಕಾಟ ನೆನಪಿರಬಹುದು. ಅಲ್ಲಿನ ವಯಸ್ಸಾದ ಡ್ರೈವರೊಬ್ಬರು ನನಗೆ ಹೇಳಿದ್ದು ಒಂದೇ ಮಾತು: "ಒತ್ತಬೇಡಿ ಸಾರ್, ಹೊತ್ತು ಕೊಡಿ, ಅದಾಗೇ ಹೋಗ್ತದೆ." ಇಡೀ ಸಿಂಕ್ರೋಮೆಷ್ ಸಿದ್ಧಾಂತ ಈ ಒಂದು ಸಾಲಲ್ಲಿದೆ.

ಮೂರನೇ ಕಾಲದಲ್ಲಿ ಗಟ್ಟಿತನ ಡಬ್ಬಿಯಿಂದ ಹೊರಗೂ ಬಂತು. ಜೀಪಿನಲ್ಲಿ ಲಿವರ್ ನಿಂತಿರೋದು ನೇರವಾಗಿ ಗೇರ್ ಬಾಕ್ಸ್ ಮೇಲೆ. ನಮ್ಮ ಬೆಂಗಳೂರಿನ ಸಿಪಾನಿ ಡಾಲ್ಫಿನ್ (೧೯೮೨) ಕೂಡ ಎಂಜಿನ್ ಮುಂದಿದ್ದು ಹಿಂದಿನ ಗಾಲಿ ತಿರುಗಿಸುತ್ತಿದ್ದ ಫೈಬರ್ ಮೈಯ ಹಗುರ ಕಾರು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಅದರ ಮೂಲ. ರೋಡಿಗಿಂತ ರೇಸು, ರ‍್ಯಾಲಿಗಳಲ್ಲೇ ಹೆಚ್ಚು ಹೆಸರು ಮಾಡಿತು. ಆದರೆ ೧೯೮೩ರ ಡಿಸೆಂಬರಿನಲ್ಲಿ ಬಂದ ಮಾರುತಿ ೮೦೦ರಲ್ಲಿ ಎಂಜಿನ್, ಗೇರ್ ಬಾಕ್ಸ್ ಎರಡೂ ಬಾನೆಟ್ಟಿನ ಕೆಳಗೆ ಅಡ್ಡಡ್ಡ ಮಲಗಿದ್ದವು. ಡ್ರೈವರನ ಕೈಯಿಂದ ಅಲ್ಲಿಗೆ ಸುದ್ದಿ ಮುಟ್ಟಿಸೋಕೆ ಒಂದು ಸರಳು ಬೇಕಾಯಿತು. ಆಮೇಲಿನ ಎಷ್ಟೋ ಕಾರುಗಳಲ್ಲಿ ಸರಳಿನ ಬದಲು ಕೇಬಲ್ ಬಂತು. ಎಂಜಿನ್ ಸೀಟಿನ ಹಿಂದಿರುವ ಸ್ಪೋರ್ಟ್ಸ್ ಕಾರಲ್ಲಂತೂ (೧೯೮೪ರ ಟೊಯೋಟಾ ಎಂಆರ್೨ ಥರದ್ದು) ಕೇಬಲ್ ಇಡೀ ಕಾರಿನ ಹೊಟ್ಟೆ ಹಾದು ಹೋಗಬೇಕು. ಗೇರುಗಳು ಎಷ್ಟೇ ನಯವಾಗಿರಲಿ, ಕೇಬಲ್ಲಿಗೆ ತುಕ್ಕು ಹಿಡಿದರೆ ಲಿವರ್ ಕಲ್ಲೇ.

ಈ ಚರಿತ್ರೆ ರಿಪೇರಿಗೆ ಹೇಗೆ ಉಪಯೋಗ ಅಂತ ಕೇಳ್ತೀರಾ? ವಿರಾಜಪೇಟೆ ಕಡೆಯ ನನ್ನ ಗೆಳೆಯನೊಬ್ಬ ಹಳೇ ಎರಡು ಸೀಟಿನ ಸ್ಪೋರ್ಟ್ಸ್ ಕಾರೊಂದನ್ನು ಕೊಂಡಿದ್ದ. ಒಂದು ಮಳೆಗಾಲ ಶೆಡ್ಡಿನಲ್ಲಿ ನಿಂತಿದ್ದೇ ತಡ, ಗೇರು ಅಲ್ಲಾಡಿಸೋಕೆ ಎರಡು ಕೈ ಬೇಕಾಯಿತು. ಒಂದು ಗ್ಯಾರೇಜಿನಲ್ಲಿ ನೋಡಿದ ತಕ್ಷಣ "ಬಾಕ್ಸ್ ಇಳಿಸಬೇಕು" ಅಂದರು. ಅವನ ಉಳಿತಾಯವೆಲ್ಲ ಆ ಕಾರಲ್ಲೇ ಇತ್ತು. ಬಾಕ್ಸಿಗೆ ದುಡ್ಡು ಹಾಕೋದಾದರೆ ಕಾರನ್ನೇ ಮಾರಬೇಕು. ಅದಕ್ಕೇ ನಾವಿಬ್ಬರೂ ಒಂದು ಭಾನುವಾರ ಕೂತು, ಒಂದೊಂದೇ ಕಾಲದ ದೋಷವನ್ನು ಪಟ್ಟಿಯಿಂದ ಹೊಡೆದುಹಾಕುತ್ತಾ ಬಂದೆವು.

ಮೊದಲ ಪರೀಕ್ಷೆ: ಎಂಜಿನ್ ಆಫ್ ಮಾಡಿ ಎಲ್ಲ ಗೇರು ಹಾಕಿ ನೋಡಬೇಕು. ಆಫ್ ಇದ್ದಾಗ ಸಲೀಸು, ಆನ್ ಇದ್ದಾಗ ಗಟ್ಟಿ ಅಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಅಂತ ಅರ್ಥ. ಕ್ಲಚ್ ಆಯಿಲ್ ಕಮ್ಮಿಯಾಗಿರಬಹುದು, ಒಳಗೆ ಗಾಳಿ ಸೇರಿರಬಹುದು. ಯಾವುದೋ ಒಂದೇ ಗೇರು ಮಾತ್ರ ಕರಕರ ಅಂದರೆ ಆ ಗೇರಿನ ಹಿತ್ತಾಳೆ ಉಂಗುರ ಸವೆದಿದೆ. ಆಗ ಮಾತ್ರ ಬಾಕ್ಸ್ ಬಿಚ್ಚೋ ಮಾತು. ಬೆಳಗಿನ ಚಳಿಯಲ್ಲಿ ಗಟ್ಟಿ, ಹತ್ತು ಕಿಲೋಮೀಟರ್ ಓಡಿದ ಮೇಲೆ ಸಲೀಸು ಅಂದರೆ ಗೇರ್ ಆಯಿಲ್ ನೋಡಿ. (ಹಳೇ ಫೆರಾರಿಗಳಲ್ಲೂ ಆಯಿಲ್ ಬಿಸಿಯಾಗೋ ತನಕ ಎರಡನೇ ಗೇರು ಹಟ ಮಾಡೋದು ಪ್ರಸಿದ್ಧ!) ಕೆಲವರು ಎಲ್ಲಕ್ಕೂ ಒಂದೇ ಆಯಿಲ್ ಸುರಿದುಬಿಡ್ತಾರೆ. ಜಿಎಲ್-೪ ಕೇಳುವ ಬಾಕ್ಸಿಗೆ ಜಿಎಲ್-೫ ಹಾಕಿದರೆ, ಅದರಲ್ಲಿರುವ ಗಂಧಕದ ಅಂಶ ಕೆಲವು ಬಾಕ್ಸುಗಳ ಹಿತ್ತಾಳೆಗೆ ಹಾನಿ ಮಾಡುತ್ತೆ. ಜಾಸ್ತಿ ಜಾರುವುದರಿಂದ ಸಿಂಕ್ರೋ ಉಂಗುರಕ್ಕೆ ಹಿಡಿತವೂ ಸಿಗೋದಿಲ್ಲ.

ಗೆಳೆಯನ ಕಾರಿನಲ್ಲಿ ಎಂಜಿನ್ ಆಫ್ ಇದ್ದರೂ ಅಷ್ಟೇ ಗಟ್ಟಿ, ಎಲ್ಲ ಗೇರಿನಲ್ಲೂ. ಹಾಗಾದರೆ ಮೂರನೇ ಕಾಲದ ದೋಷ. ಬಾಕ್ಸಿನ ತುದಿಯಲ್ಲಿ ಕೇಬಲ್ ಕಳಚಿ, ಅಲ್ಲಿನ ಲಿವರನ್ನು ಕೈಯಿಂದ ಅಲ್ಲಾಡಿಸಿದರೆ ಬೆಣ್ಣೆಯ ಹಾಗೆ ಜಾರಿತು. ಬಾಕ್ಸು ಗುಂಡುಕಲ್ಲಿನ ಹಾಗೆ ಗಟ್ಟಿಮುಟ್ಟಾಗಿತ್ತು! ಕೇಬಲ್ ತುದಿಯ ರಬ್ಬರ್ ಟೋಪಿ ಹರಿದು ನೀರು ಒಳಗಿಳಿದಿತ್ತು. ಮಡಿಕೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತೆ, ಆ ಸೀಮೆಯ ತೇವದಲ್ಲಿ ಕೇಬಲ್ ತಾನೇ ಏನು ಮಾಡೀತು. ಇಂಥ ಕೇಬಲ್ಲಿಗೆ ಎಣ್ಣೆ ಬಿಟ್ಟರೆ ನಾಲ್ಕು ದಿನ ಅಷ್ಟೆ. ಹೊಸದು ತರಿಸಿ ಹಾಕಿ, ಲಿವರ್ ಬುಡದ ಗುಂಡಿಗೆ ಗ್ರೀಸ್ ಹಚ್ಚಿದ ಮೇಲೆ ಎರಡು ಬೆರಳಲ್ಲಿ ಗೇರು ಬೀಳತೊಡಗಿತು. ಕಾರು ಅವನಲ್ಲೇ ಉಳಿಯಿತು.

ಅಂದ ಹಾಗೆ, ಒಂದು ತಮಾಷೆ ಇದೆ. ಈಗಿನ ರ‍್ಯಾಲಿ ಕಾರುಗಳಲ್ಲಿ ಎಷ್ಟೋ ಕಡೆ ಆ ಹಿತ್ತಾಳೆ ಉಂಗುರವನ್ನೇ ಕಿತ್ತುಹಾಕಿರ್ತಾರೆ. ಅದು ವೇಗ ಸಮ ಮಾಡಲು ತೆಗೆದುಕೊಳ್ಳುವ ಕ್ಷಣವೂ ಅವರಿಗೆ ದುಬಾರಿ. ಡಾಗ್ ಬಾಕ್ಸ್ ಅನ್ನುವ ಅದರಲ್ಲಿ ದಪ್ಪ ಹಲ್ಲುಗಳು ನೇರವಾಗಿ ಕಚ್ಚಿಕೊಳ್ಳುತ್ತವೆ, ವೇಗ ಹೊಂದಿಸೋದು ಮತ್ತೆ ಡ್ರೈವರನ ಕಾಲು, ಕಿವಿ. ಲೆವಾಸ್ಸೋರ್ ವಾಪಸ್ ಬಂದ ಹಾಗೆ!

ಇನ್ನು ಕೆಲವು ವರ್ಷಕ್ಕೆ ಆಟೋಮ್ಯಾಟಿಕ್ಕು, ಎಲೆಕ್ಟ್ರಿಕ್ಕುಗಳ ನಡುವೆ ಈ ಲಿವರೇ ಮಾಯವಾಗಬಹುದು. ಅದರ ಜೊತೆಗೆ "ಹೊತ್ತು ಕೊಡಿ, ಅದಾಗೇ ಹೋಗ್ತದೆ" ಅನ್ನೋ ತಿಳಿವಳಿಕೆಯೂ ಹೋಗುತ್ತಲ್ಲ ಅನ್ನೋದೇ ನನಗೆ ಬೇಸರ. ನಿಮ್ಮ ಮನೆಯಲ್ಲಿ ಜೀಪು, ಲಾರಿ ಓಡಿಸಿದ ಅಜ್ಜನೋ ಮಾವನೋ ಇದ್ದರೆ, ಡಬಲ್ ಕ್ಲಚ್ ಹೇಗೆ ಹೊಡೀತಿದ್ರಿ ಅಂತ ಒಮ್ಮೆ ಕೇಳಿ ನೋಡಿ. ಹೇಳ್ತಾ ಹೇಳ್ತಾ ಅವರ ಎಡಗಾಲು ತಾನಾಗೇ ನೆಲ ಒತ್ತುತ್ತೆ, ಗಮನಿಸಿ.